ಕೋರಮಂಗಲದ ಟಿಬೆಟನ್ ಹೋಟೆಲಿನ ಥುಕ್ಪಾ, ಎರಡು ಭಾಷೆಗಳ ನಡುವೆ

ಕೋರಮಂಗಲದ ಅಡ್ಡರಸ್ತೆಯೊಂದರ ಮೊದಲ ಮಹಡಿಯಲ್ಲಿರುವ ಈ ಪುಟ್ಟ ಹೋಟೆಲನ್ನು ನಡೆಸುತ್ತಿರುವವರು ಬೈಲಕುಪ್ಪೆಯ ಅಕ್ಕ-ತಮ್ಮ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಟಿಬೆಟನ್ ನಿರಾಶ್ರಿತರಿಗೆ ಕೊಟ್ಟ ಜಮೀನಿನಲ್ಲಿ ನೆಲೆ ನಿಂತ ಕುಟುಂಬ ಅವರದು. ನೂಡಲ್ಸ್ ಹಾಕಿ ಮಾಡುವ ಥುಕ್ಪಾದ ಸಾರು ತಿಳಿಯಾಗಿದ್ದು, ಶುಂಠಿ-ಬೆಳ್ಳುಳ್ಳಿಯ ಘಮ ಹದವಾಗಿತ್ತು. ಹಬೆಯಲ್ಲಿ ಬೆಂದ ತಿಂಗ್ಮೊ ಬನ್ನು ಬೆರಳು ಸೋಕಿದರೆ ಸಾಕು, ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊಮೊದ ಹೊದಿಕೆ ಮಾತ್ರ ದಪ್ಪ.

ಗಲ್ಲಾದಲ್ಲಿ ಕುಳಿತ ಅಕ್ಕ ಅಡುಗೆಮನೆಯ ಕಡೆಗೆ ಟಿಬೆಟನ್‌ನಲ್ಲಿ ಏನೋ ಕೂಗಿ ಹೇಳಿ, ಮರುಗಳಿಗೆಯೇ ನನ್ನತ್ತ ತಿರುಗಿ, ‘ಖಾರ ಕಮ್ಮಿ ಹಾಕಿಸ್ಲಾ ಸಾರ್?’ ಎಂದು ಅಪ್ಪಟ ಮೈಸೂರು ಸೀಮೆಯ ಧಾಟಿಯಲ್ಲಿ ಕೇಳಿದರು. ಪಕ್ಕದ ಮೇಜಿನವರೊಬ್ಬರು, ‘ನಮ್ ಮುಂದೆ ಅದೇನ್ರೀ ಗುಟ್ಟು, ಕನ್ನಡದಲ್ಲಿ ಮಾತಾಡಿ’ ಎಂದು ಗದರಿದಾಗ ಅವರು ನಗುತ್ತಲೇ, ‘ಸಾರು ಉಕ್ತಾ ಇದೆ, ಉರಿ ಸಣ್ಣ ಮಾಡು ಅಂದೆ ಅಷ್ಟೇ ಅಣ್ಣ’ ಎಂದರು. ಗಿರಾಕಿಯೊಡನೆ ಕನ್ನಡದಲ್ಲಿ ವ್ಯವಹರಿಸಬೇಕೆಂದು ಬಯಸುವುದು ನ್ಯಾಯವೇ, ಆದರೆ ಒಡಹುಟ್ಟಿದವರ ನಡುವಿನ ಮಾತಿಗೂ ನಮ್ಮ ಅಪ್ಪಣೆ ಬೇಕೆನ್ನುವುದು ಅತಿಯಾಯಿತು (ದುಬೈ ಮೆಟ್ರೋದಲ್ಲಿ ನಾವು ಹರಟುವುದು ಕನ್ನಡದಲ್ಲೇ ಅಲ್ಲವೇ?). ಹೋಗುವವರು ರಾತ್ರಿ ಎಂಟರೊಳಗೆ ಹೋಗುವುದು ಒಳ್ಳೆಯದು. ಆಮೇಲೆ ತಿಂಗ್ಮೊ ಉಳಿಯುವುದಿಲ್ಲ.