ಹೆಲಿಕಾಪ್ಟರ್ ಮಾಸ್ಕ್ ಅಂತ ಜಿಪಿ-5 ಕಳಿಸ್ತಾರೆ, ದುಡ್ಡು ಹಾಕಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಳೇ ಮಿಲಿಟರಿ ಸಾಮಾನು ಕೂಡಿಸೋರು ದಯವಿಟ್ಟು ಪೂರ್ತಿ ಓದಿ. ಅಮೆರಿಕದ ಎಂ24, ಹೆಲಿಕಾಪ್ಟರ್ ಸಿಬ್ಬಂದಿಯ ಗ್ಯಾಸ್ ಮಾಸ್ಕ್, 8,500 ರೂಪಾಯಿ ಅಂತ ವಾಟ್ಸಾಪ್‌ಗೆ ಫೋಟೋ ಬಂತು. ಫೋಟೋದಲ್ಲಿದ್ದದ್ದು ಅಸಲಿಯೇ: ಎರಡೂ ಕಣ್ಣಿಗೆ ಸೇರಿ ಒಂದೇ ಅಗಲ ಲೆನ್ಸ್, ಒಳಗೆ ಮೈಕ್, ಕೊಳವೆ, ಅದರ ತುದಿಗೆ ಫಿಲ್ಟರ್ ಡಬ್ಬಿ. 5,000 ಮುಂಗಡ. ಉಳಿದಿದ್ದು ಬಸ್ ಪಾರ್ಸೆಲ್ ರಸೀದಿ ಕಳಿಸಿದ ತಕ್ಷಣ ಹಾಕಿದ್ದು, ಅದೇ ದೊಡ್ಡ ತಪ್ಪು.

ಬಾಕ್ಸ್ ಬಿಚ್ಚಿದ್ರೆ ಬೂದು ರಬ್ಬರ್! ತಲೆಗೇ ಎಳ್ಕೊಳ್ಳೋ ಟೋಪಿ, ಎರಡು ದುಂಡು ಗಾಜು, ಮೈತುಂಬ ಟಾಲ್ಕ್ ಪುಡಿ. ಸೋವಿಯತ್ ಜಿಪಿ-5. ಜನಸಾಮಾನ್ಯರಿಗೆ ಅಂತ ಮಾಡಿದ್ದು, ರಷ್ಯನ್ ಹೆಸರಿನ ‘ಜಿ’ ಅಂದ್ರೇ ನಾಗರಿಕ. ಅದರ ಫಿಲ್ಟರ್ 40 ಮಿ.ಮೀ. ತಿರುಪಿನಲ್ಲಿ ನೇರ ಮಾಸ್ಕಿಗೇ ಕೂರುತ್ತೆ, ಕೊಳವೆ ಇರಲ್ಲ. ಮಾರಿದವನು ಮಧ್ಯೆ ವಾಷಿಂಗ್ ಮೆಷಿನ್ ಪೈಪ್ ತುರುಕಿ, ಎಂ-ಸೀಲ್ ಮೆತ್ತಿ, ಇಯರ್‌ಫೋನ್ ಮೈಕ್ ಅಂಟಿಸಿದ್ದಾನೆ. ಎಂ-ಸೀಲ್ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಹಾಗೇ ಇದೆ. ಅದನ್ನ ನೋಡಿ ಮೈಯೆಲ್ಲಾ ಉರಿದುಹೋಯ್ತು. ಅಸಲಿಯಲ್ಲಿ ಮೈಕ್ ವೈರ್ ಹೆಲಿಕಾಪ್ಟರಿನ ಇಂಟರ್‌ಕಾಮ್‌ಗೆ ಸೇರಬೇಕು. ಇದರದ್ದು ಒಳಗೇ ಕತ್ತರಿಸಿದೆ.

ಕೇಳಿದ್ರೆ, ‘ರಷ್ಯಾ ಪೈಲಟ್‌ಗಳೂ ಇದನ್ನೇ ಹಾಕ್ತಿದ್ರು ಸಾರ್.’ ಮತ್ತೆ ಎಂ24 ಅಂದಿದ್ದು? ‘ಮಾಡೆಲ್ ಹೆಸರು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ ಸಾರ್.’ ವಾಪಸ್ ತಗೊಳ್ಳಿ ಅಂದ್ರೆ, ‘ನಿಮ್ಮ ಮಲೆನಾಡಿನ ಮಳೇಲಿ ರಬ್ಬರ್ ಕೆಟ್ಟಿರುತ್ತೆ, ನಾನು ಜವಾಬ್ದಾರನಲ್ಲ.’ ಪಾರ್ಸೆಲ್ ಬಂದು ಎರಡು ಗಂಟೆ ಆಗಿಲ್ಲ, ಎರಡು ಗಂಟೆ! ಕೊನೆಗೆ, ‘ಫಿಲ್ಟರ್ ಚೆನ್ನಾಗಿದೆ, ಅಡಿಕೆಗೆ ಬೋರ್ಡೋ ಹೊಡೆಯೋವಾಗ ಹಾಕ್ಕೊಳ್ಳಿ.’ ಆಮೇಲೆ ಬ್ಲಾಕ್.

ಆ ಕೊನೇ ಮಾತನ್ನ ಯಾರೂ ಕೇಳಬೇಡಿ. ಜಿಪಿ-5 ಫಿಲ್ಟರ್ ಒಳಗೆ ಆಸ್ಬೆಸ್ಟಾಸ್ ಇದೆ. ಅಮೆರಿಕದ ಹಳೇ ಫಿಲ್ಟರಿನ ಇದ್ದಿಲಲ್ಲಿ ಕ್ರೋಮಿಯಂ ಇರುತ್ತೆ, ಅದೂ ಬೇಡ. ಅಲ್ಲಾಡಿಸಬೇಡಿ, ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಲೇಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ತಗೊಳ್ಳಲೇಬೇಕಂದ್ರೆ ವಿಡಿಯೋ ಕಾಲ್‌ನಲ್ಲೇ ನೋಡಿ. ಲೆನ್ಸ್ ಒಂದೋ ಎರಡೋ, ಮೈಕ್ ವೈರಿನ ತುದಿಯಲ್ಲಿ ಪ್ಲಗ್ ಇದೆಯೋ, ತೋರಿಸಿ ಅನ್ನಿ. ‘ಅಪಾಚೆ ಪೈಲಟ್ ಮಾಸ್ಕ್’ ಅಂದ್ರೆ ಗಾಳಿ ಊದೋ ಬ್ಲೋವರ್ ಕೇಳಿ. ಅಪಾಚೆ ಅನ್ನೋ ಅಮೆರಿಕದ ಯುದ್ಧ ಹೆಲಿಕಾಪ್ಟರಿಗೆ ಮಾಡಿದ್ದು ಬ್ಲೋವರ್ ಇರೋ ಎಂ43 ಮಾಸ್ಕ್, ಹೆಲ್ಮೆಟ್ಟಿನ ಡಿಸ್‌ಪ್ಲೇ ಬಲಗಣ್ಣಿನ ಮುಂದೆ ಕೂರಬೇಕಾದ್ದರಿಂದ ಅದರ ಗಾಜು ಕಣ್ಣಿಗೆ ತೀರಾ ಹತ್ತಿರ ಇರುತ್ತೆ.

ಅದೇ ಫೋಟೋ ಈಗ ಇನ್ನೊಂದು ನಂಬರಿನಿಂದ ಓಡಾಡ್ತಿದೆ, 9,000ಕ್ಕೆ. ಲೆನ್ಸಿನ ಎಡಮೂಲೆಯಲ್ಲಿ ಉದ್ದ ಗೀರು, ಕೆಳಗೆ ಹಾಸಿದ ಹಸಿರು ಕಂಬಳಿ. ಅವನೇ.