ಬಯಲಾಟದ ಫ್ಲ್ಯಾಶ್‌ಗೆ ಟಿಟಿಎಲ್ ಮೇಲೋ, ಗೈಡ್ ನಂಬರ್ ಮೇಲೋ?

ಒಂದೇ ಫ್ಲ್ಯಾಶ್, ಒಂದೇ ರಂಗಸ್ಥಳ. ಕ್ಯಾಮೆರಾ ತಾನೇ ಫ್ಲ್ಯಾಶ್ ಬೆಳಕನ್ನು ನಿರ್ಧರಿಸುವ ಟಿಟಿಎಲ್‌ನಲ್ಲೂ ತೆಗೆದಿದ್ದೇನೆ, ಫ್ಲ್ಯಾಶಿನ ಶಕ್ತಿ ಹೇಳುವ ಅಂಕಿಯಾದ ಗೈಡ್ ನಂಬರ್ ಲೆಕ್ಕ ಹಾಕಿ ಮ್ಯಾನ್ಯುವಲ್‌ನಲ್ಲೂ (ಬೆಳಕನ್ನು ಕೈಯಿಂದಲೇ ಹೊಂದಿಸಿ) ತೆಗೆದಿದ್ದೇನೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಯಕ್ಷಗಾನ ಬಯಲಾಟಕ್ಕೆ ನನ್ನ ಮತ ಗೈಡ್ ನಂಬರಿಗೆ. (ಮೇಳದವರ ಒಪ್ಪಿಗೆ ಇಲ್ಲದೆ ಫ್ಲ್ಯಾಶ್ ಹಚ್ಚಲೇಬಾರದು, ಕುಣಿಯುವವರ ಕಣ್ಣು ಮುಖ್ಯ.)

ಟಿಟಿಎಲ್ ಮೊದಲು ಸಣ್ಣದೊಂದು ಬೆಳಕು ಹಾಯಿಸಿ, ಲೆನ್ಸಿನ ಮೂಲಕ ಮರಳಿ ಬಂದದ್ದನ್ನು ಅಳೆದು, ಮುಖ್ಯ ಬೆಳಕು ಎಷ್ಟಿರಬೇಕೆಂದು ನಿರ್ಧರಿಸುತ್ತದೆ. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ವೇಷದ ಮುಂದೆ ತೊಡಕಾಗುವುದು ಇಲ್ಲೇ. ಕಿರೀಟ, ಭುಜಕೀರ್ತಿ, ಎದೆಕಟ್ಟಿನ ಬೇಗಡೆ ಕ್ಯಾಮೆರಾದತ್ತ ಹೊಳೆದರೆ ಸಾಕು, ಬೆಳಕು ಕಡಿತವಾಗಿ ಮುಖ ಕಪ್ಪಾಗುತ್ತದೆ. ಅದೇ ವೇಷ ಪಕ್ಕಕ್ಕೆ ತಿರುಗಿ ಹಿಂದಿನ ಕತ್ತಲು ಚೌಕಟ್ಟು ತುಂಬಿದರೆ ಬೆಳಕು ಸುರಿಯುತ್ತದೆ; ಹಣೆಯ ನಾಮ, ಹುಬ್ಬಿನ ಗೆರೆ, ಗಂಟೆಗಟ್ಟಲೆ ಕೂತು ಬರೆದ ಬಣ್ಣಗಾರಿಕೆ ಎಲ್ಲವೂ ಬಿಳಿಚಿಕೊಳ್ಳುತ್ತವೆ. ಒಂದು ಚಿತ್ರ ನೋಡಿ ಒಂದು ಸ್ಟಾಪ್ (ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಹೆಜ್ಜೆ) ಹೆಚ್ಚಿಸಿದರೆ ಮುಂದಿನ ಚಿತ್ರಕ್ಕೆ ಅದೇ ಹೆಚ್ಚಾಗಿರುತ್ತದೆ.

ಗೈಡ್ ನಂಬರಿಗೆ ಹೊಳಪಿನ ಹಂಗಿಲ್ಲ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಸಿಗುತ್ತದೆ. ನನ್ನ ಫ್ಲ್ಯಾಶಿನದು 35 ಮಿ.ಮೀ. ಜೂಮ್‌ನಲ್ಲಿ, ಐಎಸ್‌ಒ (ಕ್ಯಾಮೆರಾದ ಬೆಳಕು ಗ್ರಹಿಸುವ ಸೂಕ್ಷ್ಮತೆ) 100ಕ್ಕೆ, ಮೀಟರ್ ಲೆಕ್ಕದಲ್ಲಿ 24. ಐಎಸ್‌ಒ ನಾಲ್ಕು ಪಟ್ಟಾದರೆ ನಂಬರ್ ಎರಡು ಪಟ್ಟಾಗುತ್ತದೆ, 400ಕ್ಕೆ 48. ಆರು ಮೀಟರ್ ದೂರದ ವೇಷಕ್ಕೆ 48 ಭಾಗಿಸು 6, ಅಂದರೆ ಎಫ್/8. ಆದರೆ ಡಬ್ಬದ ಮೇಲಿನ ಅಂಕಿ ಗೋಡೆ, ಚಾವಣಿಗಳು ಬೆಳಕನ್ನು ಮರಳಿಸುವ ಕೋಣೆಗೆ ಹೊಂದುವಂಥದ್ದು. ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳಕನ್ನು ಮರಳಿಸುವುದಕ್ಕೆ ಏನಿದೆ? ಹಾಗಾಗಿ ಒಂದು ಸ್ಟಾಪ್ ಹೆಚ್ಚು, ಎಫ್/5.6ಕ್ಕೆ ತೆರೆಯುತ್ತೇನೆ. ವೇಷಧಾರಿ ಐದು ಮೀಟರಿನಿಂದ ಏಳಕ್ಕೆ ಸರಿದರೆ ವ್ಯತ್ಯಾಸ ಒಂದು ಸ್ಟಾಪ್. ಆರಕ್ಕೆ ಹೊಂದಿಸಿಟ್ಟರೆ ಆಚೆ ಈಚೆ ಅರ್ಧರ್ಧ, ರಾ (ಸಂಸ್ಕರಿಸದ ಮೂಲ) ಕಡತದಲ್ಲಿ ನಿರಾಯಾಸವಾಗಿ ಸರಿಹೋಗುವಷ್ಟು. ನಾಲ್ಕು ಕಂಬದ ರಂಗಸ್ಥಳ ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ.

ಮದುವೆ ಮನೆಯಲ್ಲಿ ಮಾತ್ರ ಟಿಟಿಎಲ್ಲೇ ಸರಿ. ಅಂಗಳದಿಂದ ಜಗುಲಿಗೆ ಓಡುವ ಮಕ್ಕಳ ಹಿಂದೆ ದೂರ ಅಳೆಯುತ್ತಾ ಕೂರಲಾಗದು. ಚಾವಣಿಗೆ ಬೆಳಕು ತಿರುಗಿಸುವ ಉಪಾಯ ಮಲೆನಾಡಿನ ಹಳೆಯ ಮನೆಗಳಲ್ಲಿ ಯಾವ ವಿಧಾನಕ್ಕೂ ಒದಗುವುದಿಲ್ಲ: ಮರದ ಮುಚ್ಚಿಗೆ ಬೆಳಕನ್ನು ನುಂಗಿ, ಉಳಿದದ್ದಕ್ಕೆ ಕಂದು ಬಣ್ಣ ಬಳಿಯುತ್ತದೆ.

ಆಗುಂಬೆಯ ಮಳೆಯಲ್ಲಿ ಕಪ್ಪೆ ತೆಗೆಯುವಾಗ ಮತ್ತೆ ಮ್ಯಾನ್ಯುವಲ್. ಲೆನ್ಸಿನ ಹತ್ತಿರ ಬೀಳುವ ಹನಿಗಳು, ಒದ್ದೆ ಚರ್ಮದ ಮಿನುಗು ಟಿಟಿಎಲ್‌ನ ದಾರಿ ತಪ್ಪಿಸುತ್ತವೆ. ಫ್ಲ್ಯಾಶನ್ನು ಪೂರ್ಣ ಶಕ್ತಿಯ 1/16ಕ್ಕೆ ಇಳಿಸಿದರೆ ಐಎಸ್‌ಒ 100ರ 24 ಆರಾಗುತ್ತದೆ, 75 ಸೆಂ.ಮೀ.ಗೆ ಎಫ್/8. ಅಳೆಯಬೇಕಾದದ್ದು ಫ್ಲ್ಯಾಶಿನಿಂದ ಕಪ್ಪೆಗಿರುವ ದೂರವನ್ನು, ಕ್ಯಾಮೆರಾದಿಂದಲ್ಲ. ಬೆಳಕನ್ನು ಮೆತ್ತಗೆ ಮಾಡುವ ನನ್ನ ಡಿಫ್ಯೂಸರ್ ಸುಮಾರು ಒಂದು ಸ್ಟಾಪ್ ತಿನ್ನುತ್ತದೆ, ಆಗ ಅಪರ್ಚರ್ ಮುಟ್ಟದೆ ಫ್ಲ್ಯಾಶನ್ನು 1/8ಕ್ಕೆ ಏರಿಸುತ್ತೇನೆ.