ಪಾರ್ಕಿನ್ಸನ್ ಇರುವ ಅಪ್ಪನಿಗಾಗಿ ಮನೆಯ ಒಳಗೆ ಮಾಡಿಸಿದ ಕೆಲಸ: ಚೆನ್ನಾಗಿದ್ದದ್ದು, ಬೇಸರವಾದದ್ದು

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈ ನಡುಗುವ, ನಡಿಗೆ ನಿಧಾನವಾಗುವ ಮಿದುಳಿನ ಕಾಯಿಲೆ. ಅವರ ಓಡಾಟಕ್ಕೆ ಅನುಕೂಲವಾಗಲಿ ಅಂತ ಒಂದು ಇಂಟೀರಿಯರ್ ತಂಡದಿಂದ ಮನೆಯಲ್ಲಿ ಕೆಲಸ ಮಾಡಿಸಿದೆವು. ಯಾರು ಅಂತ ಹೇಳಲ್ಲ, ಕೆಲಸ ಹೇಗಿತ್ತು ಅಂತ ಮಾತ್ರ ಬರೆಯುತ್ತೇನೆ.

ಮೊದಲು ಒಳ್ಳೆಯದು. ಬಂದವರೇ ಟೇಪ್ ಹಿಡಿದು ಅಳೆಯೋಕೆ ಶುರು ಮಾಡಲಿಲ್ಲ, ಮಾತ್ರೆಯ ಪ್ರಭಾವ ಇಳಿಯುವ ಹೊತ್ತು ಯಾವುದು ಅಂತ ಕೇಳಿ ಆಗಲೇ ಬಂದರು. ಇದು ತುಂಬಾ ಮುಖ್ಯ. ಮಾತ್ರೆ ಕೆಲಸ ಮಾಡುತ್ತಿರುವಾಗ ಅಪ್ಪ ಸರಾಗವಾಗಿ ಓಡಾಡುತ್ತಾರೆ, ಆಗ ನೋಡಿದವರಿಗೆ ಮನೆಯಲ್ಲಿ ಯಾವ ತೊಂದರೆಯೂ ಕಾಣಲ್ಲ. ಅದು ಇಳಿದ ಮೇಲೆ ಬಾಗಿಲ ಹತ್ತಿರ, ಸೋಫಾ ಮತ್ತು ಟೀಪಾಯಿ ನಡುವಿನ ಇಕ್ಕಟ್ಟಿನಲ್ಲಿ, ತಿರುಗುವಾಗ, ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಎಲ್ಲೆಲ್ಲಿ ನಿಂತರು ಅಂತ ತಂಡದವರು ನೆಲದ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು.

ಅಲ್ಲೆಲ್ಲ ನಡೆಯುವ ದಿಕ್ಕಿಗೆ ಅಡ್ಡವಾಗಿ, ಎದ್ದು ಕಾಣುವ ಬಣ್ಣದ ಪಟ್ಟಿಗಳನ್ನು ಒಂದು ಹೆಜ್ಜೆಯ ಅಂತರದಲ್ಲಿ ಅಂಟಿಸಿದರು. ಅಪ್ಪ ಪಟ್ಟಿ ನೋಡಿ, ಅದನ್ನು ದಾಟೋಕೆ ಅಂತ ಕಾಲೆತ್ತುತ್ತಾರೆ, ಹೆಜ್ಜೆ ಬಂದುಬಿಡುತ್ತದೆ. ಸಮ ನೆಲದಲ್ಲಿ ನಿಂತುಬಿಡುವ ಕೆಲವರು ಮೆಟ್ಟಿಲು ಸಲೀಸಾಗಿ ಹತ್ತೋದೂ ಹೀಗೇ, ಕಣ್ಣಿಗೆ ಒಂದು ಗುರುತು ಸಿಗುತ್ತದೆ ಅಲ್ವಾ. ಎಲ್ಲರಿಗೂ ಇದು ಹೊಂದಲ್ಲ, ಅದಕ್ಕೇ ಮೊದಲು ಸುಮ್ನೆ ಟೇಪ್ ಹಾಕಿ ನೋಡಿ, ಆಮೇಲೆ ಕಾಯಂ ಮಾಡಿದರು. ಟೀಪಾಯಿ ತೆಗೆಸಿದ್ದರಿಂದ ಈಗ ನಿಂತಲ್ಲೇ ತಿರುಗಬೇಕಾಗಿಲ್ಲ, ದೊಡ್ಡದಾಗಿ ಸುತ್ತು ಹಾಕಿ ಬರಬಹುದು. ಬಾಗಿಲುಗಳಿಗೆ ಗುಂಡು ಹಿಡಿಗಳ ಬದಲು ಒತ್ತಿದರೆ ತೆರೆಯುವ ಉದ್ದ ಹಿಡಿಗಳು ಬಂದವು, ಕೈ ನಡುಗಿದರೂ ಪರವಾಗಿಲ್ಲ. ಕುರ್ಚಿಯೂ ಚೆನ್ನಾಗಿದೆ: ಗಟ್ಟಿ ಸೀಟು, ಸ್ವಲ್ಪ ಎತ್ತರ, ಎರಡೂ ಕಡೆ ಕೈ.

ಬಚ್ಚಲಲ್ಲಿ ಮಾತ್ರ ಬೇಸರವಾಯಿತು. ಇಷ್ಟೆಲ್ಲ ತಿಳಿದವರು ಅಲ್ಲಿ ಹೊಳೆಯುವ ಟೈಲ್ಸ್ ಹಾಕಿದ್ದಾರೆ, ದೀಪ ಹಾಕಿದರೆ ನೆಲ ಒದ್ದೆಯಾದಂತೆ ಕಾಣುತ್ತದೆ, ಅಪ್ಪ ಹೊರಗೇ ಹೆದರಿ ನಿಲ್ಲುತ್ತಾರೆ. ಕಮೋಡ್ ಮುಂದೆ ಕಪ್ಪು ಮ್ಯಾಟ್ ಬೇರೆ! ಅದನ್ನು ನೋಡಿದರೆ ಹಳ್ಳ ಇದ್ದ ಹಾಗೆ ಅನ್ನಿಸುತ್ತೆ ಅಂತ ಅಪ್ಪನೇ ಹೇಳಿದರು. ಮ್ಯಾಟ್ ತೆಗೆದೆವು, ಟೈಲ್ಸ್ ಬದಲಾಯಿಸಿ ಅಂದರೆ ಈಗ ಜಾಸ್ತಿ ಖರ್ಚು ಕೇಳುತ್ತಿದ್ದಾರೆ. ಹಿಡಿದುಕೊಳ್ಳೋಕೆ ಅಂತ ತೋರಿಸಿದ್ದರಲ್ಲಿ ಒಂದು ಟವೆಲ್ ಹಾಕುವ ಸರಳು, ಭಾರ ಬಿದ್ದರೆ ಕಿತ್ತು ಬರುತ್ತದೆ. ಗೋಡೆಯೊಳಗೆ ಗಟ್ಟಿಯಾಗಿ ಕೂರಿಸಿದ ಕಂಬಿಯೇ ಬೇಕು. ತಾನಾಗಿ ಹೊತ್ತಿಕೊಳ್ಳುವ ದೀಪವನ್ನೂ ಬಚ್ಚಲಲ್ಲಷ್ಟೇ ಇಟ್ಟಿದ್ದಾರೆ. ರಾತ್ರಿ ಪದೇ ಪದೇ ಏಳುವವರಿಗೆ, ಎದ್ದ ಕೂಡಲೇ ಬಿಪಿ ಇಳಿದು ತಲೆ ಸುತ್ತುವವರಿಗೆ, ಅದು ಮಂಚದ ಪಕ್ಕದಿಂದಲೇ ಬೇಕು.

ಹಾಲ್ ಮತ್ತು ಮಲಗುವ ಕೋಣೆಗೆ ಇವರನ್ನು ಧೈರ್ಯವಾಗಿ ಕರೆಯಬಹುದು. ಬಚ್ಚಲ ಕೆಲಸವಾದರೆ ಟೈಲ್ಸ್ ಆರಿಸುವ ಮುಂಚೆಯೇ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಜೊತೆಗೆ ಕರೆತರುವಂತೆ ಪಟ್ಟು ಹಿಡಿಯಿರಿ.